ರೊಟ್ಟಿ ಕಡಿಮೆ ಮಾಡಿದ ಮೊದಲ ವಾರ: ಇಳಿದದ್ದು ನೀರೋ, ಕೊಬ್ಬೋ?

ಹೋದ ತಿಂಗಳು ಒಂದು ಬೆಳಿಗ್ಗೆ ಕಲಬುರಗಿಯ ಅಪ್ಪನ ಕೆರೆ ದಂಡೆಯ ಮೇಲೆ ನಡೆಯುತ್ತಿದ್ದೆ. ನಮ್ಮ ಕಾಕಾನ ಮಗ ಹಿಂದಿನಿಂದ ಓಡಿ ಬಂದು ಜೊತೆಯಾದ. ಮುಖದ ತುಂಬ ಖುಷಿ.

"ಅಣ್ಣಾ, ಐದು ದಿನದಾಗ ಎರಡೂವರೆ ಕಿಲೋ ಇಳದೀನಿ ನೋಡು! ರೊಟ್ಟಿ, ಅನ್ನ ಎರಡೂ ಬಂದ್ ಮಾಡೀನಿ. ಹಿಂಗ ಎರಡು ತಿಂಗಳು ಮಾಡಿದ್ರ ಮೂವತ್ತು ಕಿಲೋ ಹೋಗ್ತದ."

ಅವನ ಖುಷಿಗೆ ತಣ್ಣೀರು ಹಾಕಲು ಮನಸ್ಸು ಬರಲಿಲ್ಲ. ಆದರೆ ಸುಮ್ನೆ ಇರಲೂ ಆಗಲಿಲ್ಲ. ನಾಲ್ಕು ವರ್ಷದ ಹಿಂದೆ ನಾನೂ ಇದೇ ಲೆಕ್ಕ ಹಾಕಿದ್ದೆ. ಹತ್ತು ದಿನ ರೊಟ್ಟಿ ಮುಟ್ಟಲಿಲ್ಲ, ಮೂರು ಕಿಲೋ ಇಳಿಯಿತು. ಆಮೇಲೆ ಎಳ್ಳ ಅಮಾವಾಸ್ಯೆ ಬಂತು. ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಎಲ್ಲರ ಜೊತೆ ಕೂತು ಉಂಡೆ. ಎರಡೇ ದಿನದಲ್ಲಿ ಎರಡು ಕಿಲೋಗೂ ಜಾಸ್ತಿ ವಾಪಸ್ ಬಂತು. "ನನ್ನ ಮೈಯೇ ಹೀಗೆ, ಇಳಿಯೋದಿಲ್ಲ" ಎಂದು ಕೈಬಿಟ್ಟೆ. ವರ್ಷಗಟ್ಟಲೆ ಮತ್ತೆ ಆ ಕಡೆ ತಿರುಗಿ ನೋಡಲಿಲ್ಲ.

ಆ ಮೂರು ಕಿಲೋ ಇಳಿದಾಗ ಕೊಬ್ಬು ಹೋಗಿದ್ದು ಸ್ವಲ್ಪವೇ. ವಾಪಸ್ ಬಂದಾಗಲೂ ಕೊಬ್ಬು ಬಂದಿರಲಿಲ್ಲ. ಎರಡು ಸಲವೂ ಓಡಾಡಿದ್ದು ಹೆಚ್ಚಾಗಿ ನೀರು. ಇದು ಆಗ ಗೊತ್ತಿದ್ದಿದ್ದರೆ ನಾನು ಬಿಡುತ್ತಿರಲಿಲ್ಲ. ತಮ್ಮನಿಗೆ ಆ ದಿನ ಕೆರೆ ಸುತ್ತುತ್ತ ಹೇಳಿದ್ದನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಶುರು ಮಾಡುವ ಮೊದಲು ಡಾಕ್ಟರ್ ಹತ್ತಿರ ಹೋಗಬೇಕಾದವರು

ಇದನ್ನು ಲೇಖನದ ಕೊನೆಗೆ ಇಡುವುದು ಸರಿಯಲ್ಲ, ಅದಕ್ಕೇ ಮೊದಲೇ ಹೇಳುತ್ತೇನೆ. ನಮ್ಮಲ್ಲಿ ಮನೆಗೊಬ್ಬರು ಶುಗರ್ ಮಾತ್ರೆ ನುಂಗುವವರು ಇದ್ದಾರೆ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್ ತರಹದ ಮಾತ್ರೆ ತೆಗೆದುಕೊಳ್ಳುವವರು ಡೋಸ್ ಬದಲಿಸದೆ ಕಾರ್ಬ್ (ರೊಟ್ಟಿ, ಅನ್ನ, ಸಕ್ಕರೆಯಲ್ಲಿರುವ ಕಾರ್ಬೋಹೈಡ್ರೇಟ್) ಕಡಿಮೆ ಮಾಡಿದರೆ ಶುಗರ್ ಒಮ್ಮೆಲೇ ಕೆಳಗೆ ಬೀಳಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ಇರುವವರಿಗೆ ಇನ್ನೊಂದು ಅಪಾಯ: ಶುಗರ್ ನಾರ್ಮಲ್ ತೋರಿಸುತ್ತಿದ್ದರೂ ಕೊಬ್ಬು ಕರಗುವಾಗ ಹುಟ್ಟುವ ಕೀಟೋನ್ ಆಮ್ಲ ರಕ್ತದಲ್ಲಿ ವಿಪರೀತ ಏರಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಬಿಪಿ ಮಾತ್ರೆಯವರು, ಅದರಲ್ಲೂ ಮೂತ್ರ ಜಾಸ್ತಿ ಮಾಡಿಸುವ ಮಾತ್ರೆಯವರು, ಕಿಡ್ನಿ ತೊಂದರೆ ಇರುವವರು ಡಾಕ್ಟರ್ ಮಾತಿಲ್ಲದೆ ಕೈಹಾಕಬೇಡಿ. ಬಸುರಿಯರು, ಹಾಲುಣಿಸುವ ತಾಯಂದಿರು, ಬೆಳೆಯುವ ಮಕ್ಕಳು ಈ ದಾರಿಗೇ ಬರುವುದು ಬೇಡ.

ಹಿಟ್ಟಿನ ಡಬ್ಬಿ ಮತ್ತು ಹಗೇವು

ಹಳೆಯ ಮನೆಗಳಲ್ಲಿ ಜೋಳ ಎರಡು ಕಡೆ ಇರುತ್ತಿತ್ತು. ಅಡುಗೆ ಮನೆಯಲ್ಲಿ ದಿನಬಳಕೆಗೆ ಒಂದು ಹಿಟ್ಟಿನ ಡಬ್ಬಿ. ನೆಲದೊಳಗೆ ವರ್ಷದ ಕಾಳು ತುಂಬಿದ ಹಗೇವು. ಡಬ್ಬಿಗೆ ಕೈ ಹಾಕುವುದು ಸುಲಭ, ಹಗೇವು ತೆಗೆಯುವುದು ದೊಡ್ಡ ಕೆಲಸ.

ನಮ್ಮ ಮೈಯಲ್ಲೂ ಹಾಗೇ. ಡಬ್ಬಿ ಅಂದರೆ ಗ್ಲೈಕೋಜೆನ್, ಹಗೇವು ಅಂದರೆ ಕೊಬ್ಬು. ನಾವು ತಿಂದ ರೊಟ್ಟಿ, ಅನ್ನ, ಸಕ್ಕರೆ ಕೊನೆಗೆ ಗ್ಲೂಕೋಸ್ ಆಗುತ್ತದೆ. ಕೂಡಲೇ ಬೇಡವಾದ ಗ್ಲೂಕೋಸನ್ನು ಮೈ ಒಂದಕ್ಕೊಂದು ಜೋಡಿಸಿ ಗ್ಲೈಕೋಜೆನ್ ಮಾಡಿ ಇಡುತ್ತದೆ. 1857ರಲ್ಲಿ ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಲಿವರಿನಿಂದ ಇದನ್ನು ಬೇರೆ ಮಾಡಿ ತೋರಿಸಿದರು. ಸುಮಾರು 70 ಕಿಲೋ ತೂಕದ ಮನುಷ್ಯನ ಲಿವರಿನಲ್ಲಿ ಹತ್ತಿರ ಹತ್ತಿರ 100 ಗ್ರಾಂ, ಸ್ನಾಯುಗಳಲ್ಲಿ ಎಲ್ಲ ಸೇರಿ ಸುಮಾರು 400 ಗ್ರಾಂ ಇರುತ್ತದೆ. ಅಷ್ಟೇ. ಅರ್ಧ ಕಿಲೋ.

ಲಿವರಿನ ಡಬ್ಬಿ ಇಡೀ ಮೈಗೆ ಸೇರಿದ್ದು. ರಾತ್ರಿ ನಾವು ಮಲಗಿದಾಗ ರಕ್ತದ ಸಕ್ಕರೆ ಬೀಳದಂತೆ ಕಾಯುವುದು ಅದೇ. ಸ್ನಾಯುವಿನ ಡಬ್ಬಿ ಹಾಗಲ್ಲ. ಅದು ಆ ಸ್ನಾಯುವಿಗೆ ಮಾತ್ರ. ಕಾಲಿನ ಗ್ಲೈಕೋಜೆನ್ ಕಾಲೇ ಉಣ್ಣಬೇಕು, ಪಕ್ಕದ ಮನೆಗೆ ಸಾಲ ಕೊಡುವುದಿಲ್ಲ. ಅದಕ್ಕೇ ಕೂತಲ್ಲೇ ಕೂತಿದ್ದರೆ ಅದು ಬೇಗ ಖಾಲಿಯಾಗುವುದಿಲ್ಲ.

ಈಗ ಮುಖ್ಯ ಮಾತು. ಗ್ಲೈಕೋಜೆನ್ ಒಣಗಿದ ಪುಡಿಯಂತೆ ಇರುವುದಿಲ್ಲ. ರಾತ್ರಿ ನೆನೆಹಾಕಿದ ಕಡಲೆಯಂತೆ ನೀರು ಹಿಡಿದುಕೊಂಡೇ ಇರುತ್ತದೆ. ಒಂದು ಗ್ರಾಂ ಗ್ಲೈಕೋಜೆನ್ ಜೊತೆ ಸುಮಾರು 3 ಗ್ರಾಂ ನೀರು. ಗ್ಲೈಕೋಜೆನ್ ಖರ್ಚಾದರೆ ಹಿಡಿದಿಟ್ಟ ನೀರೂ ಬಿಡುಗಡೆಯಾಗಿ ಮೂತ್ರದಲ್ಲಿ ಹೋಗುತ್ತದೆ. ಲೆಕ್ಕ ಹಾಕಿ: 400 ಗ್ರಾಂ ಗ್ಲೈಕೋಜೆನ್ ಹೋದರೆ ಜೊತೆಗೆ 1,200 ಗ್ರಾಂ ನೀರು. ಅಲ್ಲಿಗೆ 1.6 ಕಿಲೋ. ಕೊಬ್ಬಿನ ಹಗೇವು ಇನ್ನೂ ತೆಗೆದೇ ಇಲ್ಲ.

ಇದರ ಮೇಲೆ ಉಪ್ಪಿನ ಲೆಕ್ಕ ಬೇರೆ. ಕಾರ್ಬ್ ಕಡಿಮೆಯಾದರೆ ಇನ್ಸುಲಿನ್ ಇಳಿಯುತ್ತದೆ. ಇನ್ಸುಲಿನ್ ಇಳಿದರೆ ಕಿಡ್ನಿ ಉಪ್ಪನ್ನು ಹಿಡಿದಿಡುವುದು ಬಿಟ್ಟು ಹೊರಗೆ ಹಾಕುತ್ತದೆ. ಉಪ್ಪು ಹೋದ ಕಡೆ ನೀರೂ ಹೋಗುತ್ತದೆ. ಮೊದಲ ಮೂರ್ನಾಲ್ಕು ದಿನ ಮೇಲಿಂದ ಮೇಲೆ ಮೂತ್ರಕ್ಕೆ ಏಳುವುದು ಇದಕ್ಕೇ.

1970ರಲ್ಲಿ ಸ್ವೀಡನ್ನಿನ ಓಲ್ಸನ್ ಮತ್ತು ಸಾಲ್ಟಿನ್ ಇದನ್ನು ಉಲ್ಟಾ ಮಾಡಿ ನೋಡಿದರು. ಗ್ಲೈಕೋಜೆನ್ ಖಾಲಿ ಮಾಡಿಸಿ, ಆಮೇಲೆ ಹೊಟ್ಟೆ ತುಂಬ ಕಾರ್ಬ್ ಉಣಿಸಿದರು. ತೂಕ ಸುಮಾರು 2.4 ಕಿಲೋ ಏರಿತು. ಅದರಲ್ಲಿ ಸುಮಾರು 2.2 ಲೀಟರ್ ನೀರೇ. ನನ್ನ ಎಳ್ಳ ಅಮಾವಾಸ್ಯೆಯ ಎರಡು ಕಿಲೋ ಎಲ್ಲಿಂದ ಬಂತು ಅಂತ ಇದನ್ನು ಓದಿದಾಗ ಗೊತ್ತಾಯಿತು.

ಮೊದಲ ಹೆಜ್ಜೆ: ಊಟ ಬದಲಿಸದೆ ಏಳು ದಿನ ತೂಗಿ

ಹೆಚ್ಚಿನವರು ಇದನ್ನು ಬಿಟ್ಟೇ ಬಿಡುತ್ತಾರೆ. ಸೋಮವಾರ ಶುರು ಅಂತ ಭಾನುವಾರ ರಾತ್ರಿ ಊಟ ಆದ ಮೇಲೆ ತೂಗುತ್ತಾರೆ. ಮುಂದಿನ ಶನಿವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೂಗುತ್ತಾರೆ. ಅದರಲ್ಲೇ ಒಂದು ಕಿಲೋ ವ್ಯತ್ಯಾಸ ಬರುತ್ತದೆ, ಅಲ್ವಾ?

ಒಂದು ನೋಟ್‌ಬುಕ್ ಇಡಿ. ಎಂದಿನ ಊಟವನ್ನೇ ಉಣ್ಣುತ್ತ ಏಳು ದಿನ, ಬೆಳಿಗ್ಗೆ ಎದ್ದು ಶೌಚಕ್ಕೆ ಹೋಗಿ ಬಂದ ಮೇಲೆ, ನೀರು ಚಹಾ ಏನೂ ಕುಡಿಯುವ ಮೊದಲು, ಒಂದೇ ಮಷಿನ್ ಮೇಲೆ ತೂಗಿ. ಮಷಿನ್ ಫರಸಿ ಮೇಲೆ ಸಮನಾಗಿ ಕೂತಿರಲಿ. ನಮ್ಮ ಶಹಾಬಾದ್ ಕಲ್ಲಿನ ನೆಲದಲ್ಲಿ ಒಂದು ಕಲ್ಲು ಮೇಲೆ, ಒಂದು ಕೆಳಗೆ ಇರುವುದುಂಟು. ಒಂದು ಕಾಲು ಎತ್ತರದಲ್ಲಿ ಕೂತರೆ ಮಷಿನ್ ತಪ್ಪು ತೋರಿಸುತ್ತದೆ. ಏಳು ದಿನದ್ದನ್ನು ಕೂಡಿಸಿ ಏಳರಿಂದ ಭಾಗಿಸಿ. ಅದೇ ನಿಮ್ಮ ಶುರುವಿನ ತೂಕ. ಒಂದೊಂದು ದಿನದ ಅಂಕಿಯಲ್ಲಿ ಒಂದು ಕಿಲೋ ಅತ್ತಿತ್ತ ಆಗುವುದು ಈ ಏಳು ದಿನದಲ್ಲೇ ನಿಮಗೆ ಕಾಣುತ್ತದೆ. ಅದನ್ನು ಒಂದು ಸಲ ಕಣ್ಣಾರೆ ನೋಡಿದರೆ ಮುಂದೆ ಅರ್ಧ ಕಿಲೋ ಏರಿದಾಗ ಎದೆ ಧಸಕ್ ಅನ್ನುವುದಿಲ್ಲ.

ಜೊತೆಗೆ ಟೈಲರ್ ಟೇಪಿನಿಂದ ಹೊಕ್ಕುಳ ಮಟ್ಟದಲ್ಲಿ ಹೊಟ್ಟೆಯ ಸುತ್ತಳತೆ ಬರೆದಿಡಿ. ಸಹಜವಾಗಿ ಉಸಿರು ಬಿಟ್ಟು, ಹೊಟ್ಟೆ ಒಳಗೆ ಎಳೆಯದೆ. ಮೂರು ಸಲ ಅಳೆದು ಮಧ್ಯದ್ದನ್ನು ಬರೆಯಿರಿ. ನೀವು ಎಷ್ಟು ಬೈಠಕ್, ಎಷ್ಟು ದಂಡ ಹೊಡೆಯುತ್ತೀರಿ ಅಂತಲೂ ಒಂದು ಸಾಲು ಇರಲಿ. ಅದರ ಉಪಯೋಗ ಮುಂದೆ ಬರುತ್ತದೆ.

ಹೆಣ್ಣುಮಕ್ಕಳಿಗೆ ಒಂದು ಮಾತು. ಮುಟ್ಟಿಗೆ ಮೊದಲಿನ ದಿನಗಳಲ್ಲಿ ಮೈ ನೀರು ಹಿಡಿಯುತ್ತದೆ. ಆಗ ಒಂದೆರಡು ಕಿಲೋ ಏರಿದರೂ ಕೊಬ್ಬಲ್ಲ. ಅದಕ್ಕೇ ಈ ತಿಂಗಳ ಮುಟ್ಟು ಮುಗಿದ ವಾರವನ್ನು ಮುಂದಿನ ತಿಂಗಳ ಅದೇ ವಾರದ ಜೊತೆ ಹೋಲಿಸಿ. ಹಿಂದಿನ ವಾರದ ಜೊತೆ ಬೇಡ.

ಎರಡನೇ ಹೆಜ್ಜೆ: ನಿಮ್ಮ ತಾಟಿನ ಲೆಕ್ಕ

ನಮ್ಮ ಮನೆಯಲ್ಲಿ ಇದನ್ನು ಒಂದು ದಿನ ಕೂತು ಮಾಡಿದೆವು. ವೈನಿ ರೊಟ್ಟಿ ಬಡಿಯುವ ಮೊದಲು ಜೋಳದ ಹಿಟ್ಟು ತೂಗಿದೆವು. ಸರಿಯಾಗಿ ಅರ್ಧ ಕಿಲೋ. ಬಿಸಿನೀರು ಹಾಕಿ ನಾದಿ, ಬಡಿದು, ಹಂಚಿನ ಮೇಲೆ ಹಾಕಿ, ಒದ್ದೆ ಬಟ್ಟೆ ಸವರಿ, ತಿರುವಿ ಹಾಕಿದರು. ಎಂಟು ರೊಟ್ಟಿ ಆದವು. ಅಂದರೆ ಒಂದು ರೊಟ್ಟಿಗೆ 62 ಗ್ರಾಂ ಹಿಟ್ಟು. ಜೋಳದಲ್ಲಿ 100 ಗ್ರಾಂಗೆ ಸುಮಾರು 68 ಗ್ರಾಂ ಕಾರ್ಬ್ ಇರುತ್ತದೆ. ಹಾಗಾಗಿ ನಮ್ಮ ಮನೆಯ ಒಂದು ರೊಟ್ಟಿಗೆ 42 ಗ್ರಾಂ.

ಆ ರೊಟ್ಟಿಗಳಲ್ಲಿ ಎರಡನ್ನು ಒಣಗಲು ಇಟ್ಟೆವು. ಮರುದಿನ ಖಡಕ್ ಆದ ಮೇಲೆ ತೂಗಿದರೆ ತೂಕ ಎಷ್ಟೋ ಇಳಿದಿತ್ತು. ಹಿಟ್ಟು ಒಂದು ಚಿಟಿಕೆಯೂ ಕಡಿಮೆ ಆಗಿರಲಿಲ್ಲ. ಹೋದದ್ದು ನೀರು. ತಮ್ಮನಿಗೆ ಇದನ್ನೇ ತೋರಿಸಿದೆ. ಹತ್ತು ಮಾತಿಗಿಂತ ಅದು ಚೆನ್ನಾಗಿ ತಿಳಿಯಿತು.

ಆಮೇಲೆ ಚಹಾ. ನಮ್ಮಲ್ಲಿ ಒಂದು ಕಪ್ಪಿಗೆ ಎರಡು ಚಮಚ ಸಕ್ಕರೆ, ಸುಮಾರು 10 ಗ್ರಾಂ. ಮನೆ, ಆಫೀಸು, ಸೂಪರ್ ಮಾರ್ಕೆಟಿನ ಕಡೆ ಹೋದರೆ ಅಲ್ಲೊಂದು, ಹೀಗೆ ದಿನಕ್ಕೆ ಐದು. 50 ಗ್ರಾಂ ಆಯಿತು. ಒಂದು ರೊಟ್ಟಿಗಿಂತ ಜಾಸ್ತಿ! ರೊಟ್ಟಿಯಲ್ಲಿ ನಾರು ಇದೆ, ಪ್ರೋಟೀನ್ ಇದೆ, ಹೊಟ್ಟೆ ತುಂಬುತ್ತದೆ. ಚಹಾದ ಸಕ್ಕರೆಯಲ್ಲಿ ಇದ್ಯಾವುದೂ ಇಲ್ಲ. ಆದರೆ ತೂಕ ಇಳಿಸುವ ಮಾತು ಬಂದರೆ ಎಲ್ಲರೂ ಮೊದಲು ಬೈಯುವುದು ರೊಟ್ಟಿಯನ್ನೇ. ಇದು ನನಗೆ ನಿಜವಾಗಿ ಬೇಜಾರು ಮಾಡುವ ವಿಷಯ.

ಅದಕ್ಕೇ ಕಡಿಮೆ ಮಾಡುವ ಕ್ರಮ ಹೀಗಿರಲಿ: ಮೊದಲು ಸಕ್ಕರೆ. ಆಮೇಲೆ ಬಿಸ್ಕತ್ತು, ಸಂಜೆಯ ಸೂಸಲಾ, ಮಿರ್ಚಿ ಭಜಿ. ಆಮೇಲೆ ರೊಟ್ಟಿ ಆದ ಮೇಲೆ ಹಾಕಿಕೊಳ್ಳುವ ಅನ್ನ. ಕೊನೆಗೆ ರೊಟ್ಟಿಯ ಎಣಿಕೆ. ದಿನಕ್ಕೆ ಆರು ಉಣ್ಣುವವರು ಎರಡು ಮೂರಕ್ಕೆ ಇಳಿಸಿದರೆ ಸಾಕು. ಎರಡು ರೊಟ್ಟಿ, ಎರಡು ಬಟ್ಟಲು ಬೇಳೆ, ಪಲ್ಯ, ಮಜ್ಜಿಗೆ ಸೇರಿ ದಿನಕ್ಕೆ 140-150 ಗ್ರಾಂ ಕಾರ್ಬ್ ಆಗುತ್ತದೆ. ಕೂತು ಕೆಲಸ ಮಾಡುವವರಿಗೆ ಇದು ತಡೆದುಕೊಳ್ಳುವಂಥ ಕಡಿತ. ಹೊಲದಲ್ಲಿ ದುಡಿಯುವವರಿಗೆ ಇಷ್ಟು ಸಾಲದು. ಅವರು ಸಕ್ಕರೆ ಬಿಟ್ಟರೆ ಸಾಕು, ರೊಟ್ಟಿಗೆ ಕೈಹಾಕುವುದು ಬೇಡ.

ದಿನಕ್ಕೆ 20-50 ಗ್ರಾಂಗೆ ಇಳಿಸುವ ಕೀಟೋ ಊಟವೂ ಇದೆ. ಜೋಳ, ತೊಗರಿ ಎರಡೂ ಇಲ್ಲದ ಊಟ ನಮ್ಮ ಮನೆಗಳಲ್ಲಿ ಎಷ್ಟು ದಿನ ನಡೆಯುತ್ತದೆ? ನಾನು ಯಾರಿಗೂ ಹೇಳುವುದಿಲ್ಲ.

ತೊಗರಿ ಅಂದ ಮೇಲೆ ಇನ್ನೊಂದು ಮಾತು. ನಮ್ಮ ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಅದರ ರುಚಿ ಗೊತ್ತಿದ್ದವರಿಗೆ ಆ ಹೆಮ್ಮೆ ಗೊತ್ತು. ಆದರೆ ಬೇಳೆ ಅಂದರೆ ಬರೀ ಪ್ರೋಟೀನ್ ಅಂತ ತಿಳಿದವರು ಜಾಸ್ತಿ. 100 ಗ್ರಾಂ ಬೇಳೆಯಲ್ಲಿ ಪ್ರೋಟೀನ್ ಸುಮಾರು 22 ಗ್ರಾಂ, ಕಾರ್ಬ್ 55 ಗ್ರಾಂ ಮೇಲೆ. ಬೇಳೆ ಬಿಡಬೇಡಿ, ಲೆಕ್ಕದಲ್ಲಿ ಹಿಡಿಯಿರಿ.

ತೂಕ ಇಳಿಸುವಾಗ ಸ್ನಾಯು ಉಳಿಯಬೇಕು ಅಂದರೆ ಮೈತೂಕದ ಕಿಲೋಗೆ 1.2ರಿಂದ 1.6 ಗ್ರಾಂ ಪ್ರೋಟೀನ್ ಬೇಕು. 70 ಕಿಲೋದವರಿಗೆ 85-110 ಗ್ರಾಂ. ನಮ್ಮ ಎಂದಿನ ತಾಟಿನಲ್ಲಿ ಇದು ಬರುವುದಿಲ್ಲ. ಒಂದು ಮೊಟ್ಟೆಗೆ 6 ಗ್ರಾಂ, 100 ಗ್ರಾಂ ಪನೀರಿಗೆ 18, 50 ಗ್ರಾಂ ಒಣ ಸೋಯಾ ಚಂಕ್ಸ್‌ಗೆ 25ರ ಮೇಲೆ, ಒಂದು ದೊಡ್ಡ ಬಟ್ಟಲು ಮೊಸರಿಗೆ 6-7. ಕೋಳಿ, ಮೀನು ತಿನ್ನುವವರಿಗೆ ಸುಲಭ. ಶೇಂಗಾ ಹಿಂಡಿ ಬಹಳ ರುಚಿ, ಆದರೆ ಒಂದು ಮುಷ್ಟಿ ಶೇಂಗಾದಲ್ಲಿ 7 ಗ್ರಾಂ ಪ್ರೋಟೀನ್ ಜೊತೆ 170 ಕ್ಯಾಲರಿ ಬರುತ್ತದೆ. ರೊಟ್ಟಿ ಕಡಿಮೆ ಮಾಡಿ ಹಿಂಡಿಯ ಮೇಲೆ ಎಣ್ಣೆ ಸುರಿದುಕೊಂಡರೆ ಹಗೇವು ತೆರೆಯುವುದೇ ಇಲ್ಲ.

ಮೂರನೇ ಹೆಜ್ಜೆ: ಮೊದಲ ವಾರ

ಈ ವಾರ ಮಷಿನ್ ನಿಮ್ಮನ್ನು ಹೊಗಳುತ್ತದೆ. ಅದರ ಮಾತನ್ನು ಪೂರ್ತಿ ನಂಬಬೇಡಿ. ಒಂದು ಕಿಲೋ ಮೈಕೊಬ್ಬು ಅಂದರೆ ಸುಮಾರು 7,700 ಕ್ಯಾಲರಿ. ನೀವು ದಿನಕ್ಕೆ 500 ಕ್ಯಾಲರಿ ಕಡಿಮೆ ಉಂಡರೆ ವಾರಕ್ಕೆ 3,500. ಕರಗುವ ಕೊಬ್ಬು ಸುಮಾರು 450 ಗ್ರಾಂ. ಮಷಿನ್ ಎರಡೂವರೆ ಕಿಲೋ ತೋರಿಸಿದ್ದರೆ ಉಳಿದ ಎರಡು ಕಿಲೋ ನೀರು, ಗ್ಲೈಕೋಜೆನ್, ಮತ್ತೆ ಹೊಟ್ಟೆಯಲ್ಲಿ ಕೂತಿರುತ್ತಿದ್ದ ಊಟದ ಭಾರ. ತಮ್ಮನ ಮೂವತ್ತು ಕಿಲೋ ಲೆಕ್ಕ ತಪ್ಪಿದ್ದು ಇಲ್ಲಿಯೇ. ನೀರು ಒಂದೇ ಸಲ ಇಳಿಯುತ್ತದೆ, ವಾರ ವಾರ ಇಳಿಯುವುದಿಲ್ಲ.

450 ಗ್ರಾಂ ಅಂದರೆ ಕಡಿಮೆಯೇ? ಅರ್ಧ ಕಿಲೋ ಬೆಣ್ಣೆಯ ಉಂಡೆಯನ್ನು ಕೈಯಲ್ಲಿ ಹಿಡಿದು ನೋಡಿ. ಅಷ್ಟು ಕೊಬ್ಬು ಒಂದು ವಾರದಲ್ಲಿ ಮೈ ಬಿಟ್ಟು ಹೋಯಿತು ಅಂದರೆ ಅದು ದೊಡ್ಡದೇ.

ಈ ದಿನಗಳಲ್ಲಿ ತಲೆನೋವು, ಸುಸ್ತು, ಎದ್ದು ನಿಂತರೆ ತಲೆ ತಿರುಗುವುದು ಆಗಬಹುದು. ಬಹಳ ಸಲ ಕಾರಣ ಉಪ್ಪು ಮತ್ತು ನೀರು ಹೋಗಿರುವುದು. ಉಪ್ಪು, ಜೀರಿಗೆ ಹಾಕಿದ ಮಜ್ಜಿಗೆ ದಿನಕ್ಕೆ ಎರಡು ಮೂರು ಲೋಟ ಕುಡಿಯಿರಿ. ಬಿಪಿ ಇರುವವರು ಉಪ್ಪಿನ ಬಗ್ಗೆ ಡಾಕ್ಟರ್ ಹೇಳಿದಂತೆ ನಡೆಯಿರಿ. ಮತ್ತೆ ದಯವಿಟ್ಟು ಏಪ್ರಿಲ್-ಮೇ ತಿಂಗಳಲ್ಲಿ ಇದನ್ನು ಶುರು ಮಾಡಬೇಡಿ. ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆವರಿನಲ್ಲಿ ಹೋಗುವ ಉಪ್ಪು-ನೀರೇ ಸಾಕಷ್ಟು, ಕಿಡ್ನಿಯಿಂದಲೂ ಹೊರಗೆ ಹಾಕಿಸಿದರೆ ಮೈ ತಡೆಯುವುದಿಲ್ಲ. ತೂಕ ಇನ್ನಷ್ಟು ಇಳಿಯಲಿ ಅಂತ ನೀರು ಕಡಿಮೆ ಕುಡಿಯುವವರನ್ನೂ ನೋಡಿದ್ದೇನೆ. ಇದು ಅಪಾಯ. ಅದರಿಂದ ಒಂದು ಗ್ರಾಂ ಕೊಬ್ಬೂ ಕರಗುವುದಿಲ್ಲ.

ನಾಲ್ಕನೇ ಹೆಜ್ಜೆ: ಎರಡನೇ ವಾರ ಮಷಿನ್ ನಿಂತಾಗ

ನೀರಿನ ಆಟ ಮುಗಿಯಿತು. ಈಗ ವಾರಕ್ಕೆ 300-500 ಗ್ರಾಂ ಇಳಿದರೆ ಸರಿಯಾದ ದಾರಿಯಲ್ಲಿದ್ದೀರಿ. ಕೆಲವು ವಾರ ಏನೂ ಇಳಿಯುವುದಿಲ್ಲ. ಆಗ ಇದ್ದ ಎರಡು ರೊಟ್ಟಿಯನ್ನೂ ಬಿಡಲು ಹೋಗಬೇಡಿ. ಏಳು ದಿನದ ಸರಾಸರಿಯನ್ನು ಹೋದ ವಾರದ ಸರಾಸರಿ ಜೊತೆ ಇಟ್ಟು ನೋಡಿ. ಟೇಪು ಹಿಡಿಯಿರಿ. ತೂಕ ನಿಂತು ಹೊಟ್ಟೆಯ ಸುತ್ತಳತೆ ಒಂದು ಸೆಂಟಿಮೀಟರ್ ಇಳಿದಿದ್ದರೆ ಕೆಲಸ ನಡೆಯುತ್ತಿದೆ. ತೂಕವೂ ಟೇಪೂ ಮೂರು ವಾರ ಒಂದೇ ಕಡೆ ನಿಂತರೆ ಮಾತ್ರ ಊಟದ ಲೆಕ್ಕ ಮತ್ತೆ ನೋಡಿ. ಹೆಚ್ಚಾಗಿ ಎಣ್ಣೆಯಲ್ಲೋ ಶೇಂಗಾದಲ್ಲೋ ಉತ್ತರ ಸಿಗುತ್ತದೆ.

ಹಬ್ಬ ಬಂದಾಗ

ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಕೂತು ಭಜ್ಜಿ, ಸಜ್ಜೆ ರೊಟ್ಟಿ, ಕಡಬು, ಶೇಂಗಾ ಹೋಳಿಗೆ ಉಣ್ಣದೆ ಇರುವುದು ನನ್ನಿಂದ ಆಗದು. ನೀವೂ ಹಾಗೆ ಇರಬೇಡಿ. ಶರಣಬಸವೇಶ್ವರ ಜಾತ್ರೆಗೂ ಇದೇ ಮಾತು, ರಮಜಾನಿನಲ್ಲಿ ಗೆಳೆಯರ ಮನೆಯ ತಹಾರಿಗೂ ಇದೇ ಮಾತು.

ಮರುದಿನ ಮಷಿನ್ 1.8 ಕಿಲೋ ಜಾಸ್ತಿ ತೋರಿಸಿತು ಅಂದುಕೊಳ್ಳಿ. ಅದು ಕೊಬ್ಬಾಗಿರಬೇಕಾದರೆ ನೀವು 13,800 ಕ್ಯಾಲರಿ ಹೆಚ್ಚುವರಿಯಾಗಿ ತಿಂದಿರಬೇಕು. ಒಂದು ಶೇಂಗಾ ಹೋಳಿಗೆಗೆ 300 ಅಂತ ಹಿಡಿದರೂ 46 ಹೋಳಿಗೆ! ಎಂದಿನ ಊಟದ ಮೇಲೆ. ಯಾರು ತಿನ್ನುತ್ತಾರೆ? ಐದು ಹೋಳಿಗೆ ಜಾಸ್ತಿ ತಿಂದಿದ್ದರೂ ಅದು 1,500 ಕ್ಯಾಲರಿ, ಕೊಬ್ಬಾಗಿ ನೋಡಿದರೆ 200 ಗ್ರಾಂ ಒಳಗೆ. ಉಳಿದದ್ದು ಖಾಲಿಯಾಗಿದ್ದ ಡಬ್ಬಿ ತುಂಬಿದ್ದು, ಅದು ಹಿಡಿದ ನೀರು, ಉಪ್ಪು ಹಿಡಿದ ನೀರು.

ಮಾಡಬೇಕಾದದ್ದು ಇಷ್ಟೇ. ಹಬ್ಬದ ಮರುದಿನದಿಂದ ಎಂದಿನ ಅಳತೆಯ ಊಟಕ್ಕೆ ವಾಪಸ್ ಬನ್ನಿ. ಉಪವಾಸ ಬೇಡ. ನಾಲ್ಕೈದು ದಿನ ಮಷಿನ್ ಹತ್ತಬೇಡಿ. ಆಮೇಲೆ ತೂಗಿದರೆ ಬಹುಪಾಲು ಇಳಿದಿರುತ್ತದೆ.

ಜಿಮ್ಮಿನ ಬಾಡಿ ಮಷಿನ್ ಹೇಳುವುದು

ನಾನು ಹೋಗುತ್ತಿದ್ದ ಒಂದು ಜಿಮ್ಮಿನಲ್ಲಿ ಬರಿಗಾಲಲ್ಲಿ ನಿಲ್ಲಿಸಿ, ಎರಡು ಹಿಡಿ ಹಿಡಿಸಿ, ಒಂದು ಚೀಟಿ ತೆಗೆದು ಕೊಡುತ್ತಿದ್ದರು. ರೊಟ್ಟಿ ಬಿಟ್ಟ ಹತ್ತನೇ ದಿನ ಆ ಚೀಟಿಯಲ್ಲಿ "ಸ್ನಾಯು 1.7 ಕಿಲೋ ಕಡಿಮೆ" ಅಂತ ಬಂತು. ಅಲ್ಲಿದ್ದವರು ಅದನ್ನು ನೋಡಿ ನನಗೆ ದುಬಾರಿ ಪೌಡರ್ ಡಬ್ಬಿ ಮಾರಿದರು. ಹೆದರಿ ತೆಗೆದುಕೊಂಡೆ.

ಆ ಮಷಿನ್ ಸ್ನಾಯುವನ್ನು ನೇರವಾಗಿ ಅಳೆಯುವುದಿಲ್ಲ. ಮೈಯೊಳಗೆ ಸಣ್ಣ ಕರೆಂಟು ಹರಿಸುತ್ತದೆ. ನೀರಿರುವ ಭಾಗದಲ್ಲಿ ಕರೆಂಟು ಸುಲಭವಾಗಿ ಹರಿಯುತ್ತದೆ, ಕೊಬ್ಬಿನಲ್ಲಿ ಹರಿಯುವುದಿಲ್ಲ. ಅದರ ಮೇಲೆ ಅಂದಾಜು ಕಟ್ಟುತ್ತದೆ. ಮೈಯಲ್ಲಿ ನೀರು ಕಡಿಮೆಯಾದರೆ ಸ್ನಾಯು ಕಡಿಮೆ, ಕೊಬ್ಬಿನ ಶೇಕಡಾ ಜಾಸ್ತಿ ಅಂತ ತೋರಿಸಿಬಿಡುತ್ತದೆ. ಎಕ್ಸ್-ರೇ ಬಳಸಿ ಮೈಯ ಕೊಬ್ಬು ಅಳೆಯುವ ಡೆಕ್ಸಾ ಸ್ಕ್ಯಾನ್ ಇದಕ್ಕಿಂತ ಎಷ್ಟೋ ಮೇಲು. ಆದರೂ ಅದರಲ್ಲಿ ಕೊಬ್ಬಿಲ್ಲದ ಭಾಗ ಅಂತ ಬರೆಯುವುದರಲ್ಲಿ ಸ್ನಾಯುವಿನ ಜೊತೆ ನೀರು, ಗ್ಲೈಕೋಜೆನ್ ಎಲ್ಲ ಸೇರಿರುತ್ತದೆ.

ಹಾಗಾಗಿ ಕಾರ್ಬ್ ಕಡಿಮೆ ಮಾಡುವ ಮೊದಲಿನ ಚೀಟಿಯನ್ನು ಹತ್ತು ದಿನದ ನಂತರದ ಚೀಟಿ ಜೊತೆ ಹೋಲಿಸುವುದು ಸರಿಯಲ್ಲ. ಎರಡು ವಾರ ಕಳೆದು ನೀರು ಒಂದು ಮಟ್ಟಕ್ಕೆ ನಿಂತ ಮೇಲೆ ಒಂದು, ಅದೇ ಊಟದಲ್ಲಿ ಎರಡು ತಿಂಗಳ ನಂತರ ಇನ್ನೊಂದು ತೆಗೆಸಿ. ಎರಡೂ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ. ನಿಜವಾಗಿ ಸ್ನಾಯು ಹೋಗುತ್ತಿದೆಯೇ ಅಂತ ತಿಳಿಯಲು ನಿಮ್ಮ ನೋಟ್‌ಬುಕ್ಕಿನ ಬೈಠಕ್, ದಂಡದ ಸಾಲು ನೋಡಿ. ಅಷ್ಟೇ ಹೊಡೆಯಲು ಆಗುತ್ತಿದ್ದರೆ ಸ್ನಾಯು ಅಲ್ಲೇ ಇದೆ.

ವ್ಯಾಯಾಮದ ದಿನ

ಮೊದಲ ವಾರ ಮೆಟ್ಟಿಲು ಹತ್ತಿದರೆ ಕಾಲು ಭಾರ ಅನ್ನಿಸುತ್ತದೆ. ಜೋರಾಗಿ ಓಡಲು, ಭಾರ ಎತ್ತಲು ಸ್ನಾಯು ಬಳಸುವುದು ಹೆಚ್ಚಾಗಿ ಗ್ಲೈಕೋಜೆನ್. ನಿಧಾನ ನಡಿಗೆಗೆ ಕೊಬ್ಬು ಸಾಕು. 1966ರಲ್ಲಿ ಸ್ವೀಡನ್ನಿನ ಬರ್ಗ್‌ಸ್ಟ್ರೋಮ್ ಮತ್ತು ಹಲ್ಟ್‌ಮನ್ ಒಂದೇ ಸೈಕಲ್ಲಿನ ಎರಡು ಬದಿ ಕೂತು ಒಬ್ಬೊಬ್ಬರು ಒಂದೊಂದೇ ಕಾಲಿನಿಂದ ಸುಸ್ತಾಗುವವರೆಗೆ ಪೆಡಲ್ ತುಳಿದರು. ಆಮೇಲೆ ಮೂರು ದಿನ ಚೆನ್ನಾಗಿ ಕಾರ್ಬ್ ಉಂಡು, ತಮ್ಮದೇ ತೊಡೆಗೆ ಸೂಜಿ ಹಾಕಿ ಸ್ನಾಯುವಿನ ಚೂರು ತೆಗೆದು ನೋಡಿದರು. ದುಡಿದ ಕಾಲಿನಲ್ಲಿ ಗ್ಲೈಕೋಜೆನ್ ಸುಮ್ಮನಿದ್ದ ಕಾಲಿನ ದುಪ್ಪಟ್ಟು ತುಂಬಿತ್ತು.

ನಮಗೆ ಇದರಿಂದ ಸಿಗುವ ಪಾಠ ಸರಳ. ಇರುವ ಎರಡು ರೊಟ್ಟಿಯನ್ನು ವ್ಯಾಯಾಮದ ಆಚೀಚಿನ ಊಟದಲ್ಲಿ ಉಣ್ಣಿ. ದುಡಿದ ಸ್ನಾಯು ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ವಾರಕ್ಕೆ ಮೂರು ದಿನ ಬೈಠಕ್, ದಂಡ, ಭಾರ ಎತ್ತುವುದು ಬಿಡಬೇಡಿ. ಬರೀ ಕೆರೆ ಸುತ್ತಿದರೆ ಹೃದಯಕ್ಕೆ ಒಳ್ಳೆಯದು, ಆದರೆ ಸ್ನಾಯು ಉಳಿಸಲು ಅದೊಂದೇ ಸಾಲದು.

ಕಾರ್ಬೇ ಕಡಿಮೆ ಮಾಡಬೇಕಾ?

ತಮ್ಮ ಕೇಳಿದ ಕೊನೆಯ ಪ್ರಶ್ನೆ ಇದು. 2015ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ತಂಡ 19 ಜನ ದಪ್ಪ ಮೈಯವರನ್ನು ಆಸ್ಪತ್ರೆಯಲ್ಲೇ ಇಟ್ಟು ಪರೀಕ್ಷೆ ಮಾಡಿತು. ಆರು ದಿನ ಕಾರ್ಬ್ ಕಡಿಮೆ, ಇನ್ನೊಂದು ಸಲ ಆರು ದಿನ ಎಣ್ಣೆ-ಕೊಬ್ಬು ಕಡಿಮೆ. ಎರಡರಲ್ಲೂ ಕ್ಯಾಲರಿ ಒಂದೇ. ತೂಕ ಜಾಸ್ತಿ ಇಳಿದದ್ದು ಕಾರ್ಬ್ ಕಡಿಮೆ ಮಾಡಿದಾಗ. ಮೈಕೊಬ್ಬು ಜಾಸ್ತಿ ಕರಗಿದ್ದು ಎಣ್ಣೆ ಕಡಿಮೆ ಮಾಡಿದಾಗ: ದಿನಕ್ಕೆ 89 ಗ್ರಾಂ. ಕಾರ್ಬ್ ಕಡಿತದಲ್ಲಿ 53. ಮಷಿನ್ ಒಂದು ಹೇಳಿತು, ಮೈಯೊಳಗೆ ಇನ್ನೊಂದು ನಡೆದಿತ್ತು.

ಹಾಗಂತ ಎಣ್ಣೆ ಕಡಿಮೆ ಮಾಡುವುದೇ ಮೇಲು ಅಂತಲ್ಲ. ಅದು ಬರೀ ಆರು ದಿನದ ಮಾತು. 2018ರಲ್ಲಿ ಸ್ಟ್ಯಾನ್‌ಫರ್ಡ್‌ನವರು 609 ಜನರನ್ನು ಒಂದು ವರ್ಷ ಹಿಂಬಾಲಿಸಿದ ಫಲಿತಾಂಶ ಪ್ರಕಟಿಸಿದರು. ಕಾರ್ಬ್ ಕಡಿಮೆ ಮಾಡಿದವರು ಸರಾಸರಿ 6 ಕಿಲೋ, ಊಟದಲ್ಲಿ ಎಣ್ಣೆ-ಕೊಬ್ಬು ಕಡಿಮೆ ಮಾಡಿದವರು 5.3 ಕಿಲೋ ಇಳಿದರು. ಲೆಕ್ಕಕ್ಕೆ ಹಿಡಿಯುವಷ್ಟು ವ್ಯತ್ಯಾಸ ಇಲ್ಲ ಅಂತಲೇ ಅವರು ಬರೆದರು. ನಿಮ್ಮ ಮನೆಯ ಅಡುಗೆಯಲ್ಲಿ ವರ್ಷವಿಡೀ ಯಾವುದು ನಡೆಯುತ್ತದೋ ಅದನ್ನು ಹಿಡಿಯಿರಿ. ನಮ್ಮ ತಾಟಿನಲ್ಲಿ ಕಾರ್ಬಿನ ಪಾಲು ದೊಡ್ಡದು, ಸಕ್ಕರೆಯೂ ಜಾಸ್ತಿ. ಅದಕ್ಕೇ ನನಗೆ ಅಲ್ಲಿಂದ ಶುರು ಮಾಡುವುದು ಸುಲಭ ಅನ್ನಿಸಿತು.

ಕೊನೆಯ ಹೆಜ್ಜೆ: ರೊಟ್ಟಿ ವಾಪಸ್ ತರುವಾಗ

ಬೇಕಾದಷ್ಟು ಇಳಿದ ಮೇಲೆ ಒಂದೇ ದಿನ ಆರು ರೊಟ್ಟಿಗೆ ಹೋಗಬೇಡಿ. ಎರಡು ವಾರಕ್ಕೆ ಒಂದೊಂದೇ ರೊಟ್ಟಿ ಸೇರಿಸಿ. ಚಹಾದ ಸಕ್ಕರೆ ಮಾತ್ರ ಹೊರಗೇ ಇರಲಿ. ತೂಕ ಒಂದರಿಂದ ಎರಡು ಕಿಲೋ ಏರುತ್ತದೆ, ಏರಲೇಬೇಕು. ಡಬ್ಬಿ ತುಂಬುತ್ತಿದೆ. ಏರಿ ನಿಂತ ಮೇಲೆ ಏಳು ದಿನ ತೂಗಿ ಸರಾಸರಿ ತೆಗೆಯಿರಿ. ಅದೇ ನಿಮ್ಮ ನಿಜವಾದ ಹೊಸ ತೂಕ. ನೋಟ್‌ಬುಕ್ಕಿನ ಮೊದಲ ಪುಟದ ಅಂಕಿ ಜೊತೆ ಹೋಲಿಸಬೇಕಾದದ್ದು ಇದನ್ನು.

ತಮ್ಮ ಈಗ ಐದನೇ ವಾರದಲ್ಲಿದ್ದಾನೆ. ಎರಡು ರೊಟ್ಟಿ ಉಣ್ಣುತ್ತಾನೆ, ಸಕ್ಕರೆ ಇಲ್ಲದ ಚಹಾ ಕುಡಿಯುತ್ತಾನೆ. ಮೊನ್ನೆ ನೋಟ್‌ಬುಕ್ ತೋರಿಸಿದ. ಆ ವಾರ ತೂಕ 200 ಗ್ರಾಂ ಏರಿತ್ತು. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದಿದ್ದ: "ಶುಕ್ರವಾರ ಮದುವಿ ಊಟ. ನೀರು. ಟೇಪು 1 ಸೆಂ.ಮೀ. ಕಡಿಮಿ."